ಯಾರಿಗೆ? ಏನು ಮಾಡಲು? — ಕಚೇರಿಯ ಕಂಪ್ಯೂಟರು ಮತ್ತು ಅಫೋರ್ಡೆನ್ಸ್ ಸಿದ್ಧಾಂತ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಂಸ್ಥೆಗೆ ಹೊಸ ತಂತ್ರಾಂಶ ಬಂದ ಮೇಲೆ ಕೆಲಸದ ರೀತಿ ಹೇಗೆ ಬದಲಾಗುತ್ತದೆ, ಎಷ್ಟೋ ಕಡೆ ಏಕೆ ಬದಲಾಗುವುದೇ ಇಲ್ಲ ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇವೆ.

ಅಫೋರ್ಡೆನ್ಸ್ ಎಂದರೆ ತಂತ್ರಾಂಶದ ಸೌಲಭ್ಯ ತಾನೆ? ಹಾಗಲ್ಲ ಎಂದು ಪಾಠದಲ್ಲಿ ಹೇಳಿದರು. ಹಾಗಾದರೆ ಏನು? ಕನ್ನಡದಲ್ಲಿ ಏನನ್ನಬೇಕು?
— ಎಂ.ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಮನೆಯ ಅಟ್ಟವನ್ನು ನೆನೆಯಿರಿ. ಅಟ್ಟ ಅಣ್ಣನಿಗೆ ಎಟುಕುತ್ತದೆ, ತಂಗಿಗೆ ಎಟುಕುವುದಿಲ್ಲ. ಅಟ್ಟದ ಎತ್ತರ ಇಬ್ಬರಿಗೂ ಒಂದೇ. ಹಾಗಾದರೆ ‘ಎಟುಕುವುದು’ ಅಟ್ಟದ ಗುಣವೋ, ಅಣ್ಣನ ಗುಣವೋ? ಅಟ್ಟವನ್ನು ಮಾತ್ರ ಅಳೆದರೆ ಉತ್ತರ ಸಿಗದು, ಅಣ್ಣನನ್ನು ಮಾತ್ರ ಅಳೆದರೂ ಸಿಗದು. ಎರಡನ್ನೂ ಜೊತೆಗಿಟ್ಟು ನೋಡಿದಾಗಷ್ಟೇ ಅದು ಇದೆಯೋ ಇಲ್ಲವೋ ಎನ್ನಬಹುದು. ಅಫೋರ್ಡೆನ್ಸ್ ಎಂದರೆ ಇದೇ.

ಈ ಪದವನ್ನು ಕಟ್ಟಿದವರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್. ಇಂಗ್ಲಿಷಿನಲ್ಲಿ ‘ಅಫೋರ್ಡ್’ (ಒದಗಿಸು) ಎಂಬ ಕ್ರಿಯಾಪದವಷ್ಟೇ ಇತ್ತು, ನಾಮಪದವನ್ನು ತಾವೇ ಮಾಡಿದ್ದಾಗಿ ಅವರು ಬರೆದಿದ್ದಾರೆ. 1977ರ ಲೇಖನದಲ್ಲಿ, ಆಮೇಲೆ 1979ರ ಪುಸ್ತಕದಲ್ಲಿ ಅವರು ಹೇಳಿದ್ದು ಇಷ್ಟು: ಪರಿಸರವು ಪ್ರಾಣಿಗೆ ಒಳಿತಿಗೋ ಕೆಡುಕಿಗೋ ಏನನ್ನು ಒದಗಿಸುತ್ತದೋ ಅದೇ ಅಫೋರ್ಡೆನ್ಸ್. ‘ಕೆಡುಕಿಗೋ’ ಎಂಬುದನ್ನು ಬಹಳ ಜನ ಮರೆಯುತ್ತಾರೆ, ನೀವು ಮರೆಯಬೇಡಿ. 1984ರಲ್ಲಿ ಮನೋವಿಜ್ಞಾನಿ ವಿಲಿಯಂ ವಾರನ್ ಇದನ್ನು ಅಳತೆಗೆ ಇಳಿಸಿದರು. ಕುಳ್ಳಗಿನವರು, ಎತ್ತರದವರು ಎಂದು ಎರಡು ಗುಂಪು ಮಾಡಿ, ಕೈಯೂರದೆ ಎಷ್ಟು ಎತ್ತರದ ಮೆಟ್ಟಿಲು ಹತ್ತಬಲ್ಲಿರಿ ಎಂದು ಬರೀ ಕಣ್ಣಳತೆಯಲ್ಲಿ ಹೇಳಿಸಿದರು. ಸೆಂಟಿಮೀಟರಿನಲ್ಲಿ ಎರಡೂ ಗುಂಪಿನ ಉತ್ತರ ಬೇರೆ ಬೇರೆ. ಆದರೆ ಅದನ್ನು ಅವರವರ ಕಾಲಿನ ಉದ್ದದಿಂದ ಭಾಗಿಸಿದಾಗ ಎರಡೂ ಕಡೆ 0.88ರ ಆಸುಪಾಸಿಗೇ ಬಂತು. ಕಾಲು 80 ಸೆಂ.ಮೀ. ಇದ್ದವರಿಗೆ ಮಿತಿ ಸುಮಾರು 70 ಸೆಂ.ಮೀ. ಮೆಟ್ಟಿಲಿನ ಅಳತೆಗೋಲು ಹತ್ತುವವನ ಕಾಲೇ.

ಮಾಹಿತಿ ವ್ಯವಸ್ಥೆಗಳ ಸಂಶೋಧನೆಯಲ್ಲಿ ಲಿನ್ ಮಾರ್ಕಸ್ ಮತ್ತು ಮಾರ್ಕ್ ಸಿಲ್ವರ್ 2008ರಲ್ಲಿ ಕೊಟ್ಟ ಅರ್ಥ ಹೆಚ್ಚು ಬಳಕೆಯಲ್ಲಿದೆ. ಒಂದು ತಾಂತ್ರಿಕ ವಸ್ತು, ಗೊತ್ತುಮಾಡಿದ ಒಂದು ಬಳಕೆದಾರ ಗುಂಪಿಗೆ, ಒಂದು ಉದ್ದೇಶದ ಕೆಲಸ ಮಾಡಲು ಒದಗಿಸುವ ಸಾಧ್ಯತೆ. ‘ಎಕ್ಸೆಲ್‌ಗೆ ರಫ್ತು ಮಾಡುವ ಬಟನ್’ ಸೌಲಭ್ಯ. ‘ತಿಂಗಳ ಬಾಕಿದಾರರ ಪಟ್ಟಿಯನ್ನು ಗುಮಾಸ್ತ ತಾನೇ ತಯಾರಿಸಿಕೊಳ್ಳಬಲ್ಲ’ ಎಂಬುದು ಅಫೋರ್ಡೆನ್ಸ್. ಎಕ್ಸೆಲ್ ಬಾರದ ಗುಮಾಸ್ತನ ಪಾಲಿಗೆ ಬಟನ್ ಇದೆ, ಅಫೋರ್ಡೆನ್ಸ್ ಇಲ್ಲ.

ಕನ್ನಡದಲ್ಲಿ ‘ಕ್ರಿಯಾಸಾಧ್ಯತೆ’ ಎನ್ನಬಹುದು. ನಮಗೆ ಹೆಚ್ಚು ಒಪ್ಪಿಗೆಯಾಗುವುದು ‘ಒದಗಿಕೆ’. ಒದಗು ಎಂಬ ಕ್ರಿಯಾಪದ ಚತುರ್ಥಿ ವಿಭಕ್ತಿಯನ್ನು ಬಯಸುತ್ತದೆ: ಯಾರಿಗೆ ಒದಗಿತು, ಯಾವುದಕ್ಕೆ ಒದಗಿತು. ಸಿದ್ಧಾಂತ ಕೇಳುವ ಎರಡೂ ಪ್ರಶ್ನೆ ನಮ್ಮ ವ್ಯಾಕರಣದಲ್ಲೇ ಕೂತಿವೆ. ‘ಸೌಲಭ್ಯ’ ಪದವನ್ನಂತೂ ಖಂಡಿತ ಬಳಸಬೇಡಿ, ಅದು ಓದುವವರನ್ನು ಮತ್ತೆ ಯಂತ್ರದ ಕಡೆಗೇ ಎಳೆದೊಯ್ಯುತ್ತದೆ.

ಆ್ಯಪ್ ವಿನ್ಯಾಸದಲ್ಲಿ ನಾವು ‘ಈ ಬಟನ್‌ಗೆ ಅಫೋರ್ಡೆನ್ಸ್ ಕಡಿಮೆ’ ಎನ್ನುತ್ತೇವೆ. ಅದು ತಪ್ಪೇ?
— ವಿನ್ಯಾಸಕಾರ, ಬೆಂಗಳೂರು

ನಿಮ್ಮ ವೃತ್ತಿಯಲ್ಲಿ ಆ ಮಾತು ರೂಢಿಗೆ ಬಂದದ್ದು ಡೊನಾಲ್ಡ್ ನಾರ್ಮನ್ ಅವರ 1988ರ ಪುಸ್ತಕದಿಂದ. ಅವರು ಹೇಳಹೊರಟದ್ದು ಕಣ್ಣಿಗೆ ತೋರುವ ಒದಗಿಕೆಯ ಬಗ್ಗೆ. ಗೊಂದಲ ಹೆಚ್ಚಾದದ್ದನ್ನು ಕಂಡು ಮುಂದೆ ಅವರೇ ‘ಇಲ್ಲಿ ಒತ್ತು’ ಎಂದು ತಿಳಿಸುವ ಗುರುತಿಗೆ ಸಿಗ್ನಿಫೈಯರ್ ಎಂಬ ಬೇರೆ ಹೆಸರು ಕೊಟ್ಟರು. ನಿಮ್ಮ ಬಟನ್‌ನಲ್ಲಿ ಕಡಿಮೆಯಾಗಿರುವುದು ಆ ಗುರುತು. 1991ರಲ್ಲಿ ವಿಲಿಯಂ ಗೇವರ್ ಮಾಡಿದ ವಿಂಗಡಣೆ ದಿನನಿತ್ಯದ ಕೆಲಸಕ್ಕೆ ಬಹಳ ಸಹಾಯಕ: ಒಂದು, ಇದೆ, ಕಾಣುತ್ತದೆ; ಎರಡು, ಇದೆ, ಆದರೆ ಕಾಣುವುದಿಲ್ಲ; ಮೂರು, ಇಲ್ಲ, ಆದರೆ ಇದ್ದಂತೆ ಕಾಣುತ್ತದೆ. ಮೂರನೆಯದು ಅತಿ ಕೆಟ್ಟದ್ದು. ‘ಸಲ್ಲಿಸಿ’ ಬಟನ್ ಹಸಿರಾಗಿ ಹೊಳೆಯುತ್ತದೆ, ಒತ್ತಿದ ಮೇಲೆ ಕಡತದ ಗಾತ್ರ ಹೆಚ್ಚಾಯಿತೆಂದು ಅರ್ಜಿಯೇ ಅಳಿಸಿಹೋಗುತ್ತದೆ. ಒಮ್ಮೆ ಹಾಗೆ ಮೋಸಹೋದವರು ಮುಂದೆ ನಿಜವಾಗಿ ಇರುವುದನ್ನೂ ನಂಬುವುದಿಲ್ಲ.

ನಮ್ಮದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಕಂಪ್ಯೂಟರ್ ಬಂದು ಎರಡು ವರ್ಷವಾಯಿತು, ತರಬೇತಿಯೂ ಆಗಿದೆ. ಆದರೂ ಸಿಬ್ಬಂದಿ ಮೊದಲು ಪುಸ್ತಕದಲ್ಲಿ ಬರೆದು ಸಂಜೆ ಕಂಪ್ಯೂಟರಿಗೆ ಏರಿಸುತ್ತಾರೆ. ನಿರ್ದೇಶಕರು ‘ಸೋಮಾರಿತನ’ ಎನ್ನುತ್ತಾರೆ. ಏನು ಮಾಡಬೇಕು?
— ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಒಂದೇ ಕೆಲಸವನ್ನು ದಿನಕ್ಕೆ ಎರಡು ಸಲ ಮಾಡುವವರನ್ನು ಸೋಮಾರಿ ಎನ್ನಲು ಬರುವುದಿಲ್ಲ. ಅವರಿಗೆ ಪುಸ್ತಕ ಒದಗುವಷ್ಟು ಕಂಪ್ಯೂಟರ್ ಒದಗುತ್ತಿಲ್ಲ. ಎಲ್ಲಿ ಒದಗುತ್ತಿಲ್ಲ ಎಂದು ಹುಡುಕಬೇಕು.

‘ಬಳಸುತ್ತಾರೋ ಇಲ್ಲವೋ’ ಎಂದು ಕೇಳುವುದನ್ನು ಬಿಡಿ. ಕೌಂಟರಿನ ಕೆಲಸವನ್ನು ಬಿಡಿಸಿ ಬರೆಯಿರಿ: ಕಟ್ಟಿದ ಹಣಕ್ಕೆ ರಸೀದಿ ಕೊಡುವುದು, ಸದಸ್ಯ ಕೇಳಿದಾಗ ಸಾಲದ ಶಿಲ್ಕು ಹೇಳುವುದು, ತಪ್ಪಿದ ನಮೂದನ್ನು ತಿದ್ದುವುದು, ಸಂಜೆ ನಗದು ತಾಳೆ ನೋಡುವುದು, ಲೆಕ್ಕಪರಿಶೋಧಕರಿಗೆ ಪಟ್ಟಿ ಕೊಡುವುದು. ಒಂದು ವಾರ ಕೌಂಟರಿನ ಪಕ್ಕ ಕೂತು, ಪ್ರತಿಯೊಂದಕ್ಕೂ ಕೈ ಪುಸ್ತಕಕ್ಕೆ ಹೋಯಿತೋ ಕೀಬೋರ್ಡಿಗೆ ಹೋಯಿತೋ ಗುರುತು ಹಾಕಿ. ಕಾರಣವನ್ನು ಆ ಕ್ಷಣದಲ್ಲೇ ಕೇಳಿ, ತಿಂಗಳ ಸಭೆಯಲ್ಲಿ ಕೇಳಬೇಡಿ.

ನಿಮ್ಮಂತಹ ಸಂಘಗಳಲ್ಲಿ ಸಾಮಾನ್ಯವಾಗಿ ಸಿಕ್ಕುವ ಕಾರಣ ಮೂರು. ಮೊದಲನೆಯದು ಪ್ರಾರಂಭ ಶಿಲ್ಕು. ಹಳೆಯ ಪುಸ್ತಕದಿಂದ ಕಂಪ್ಯೂಟರಿಗೆ ತರುವಾಗ ಕೆಲವು ಖಾತೆಗಳ ಅಸಲು, ಬಡ್ಡಿ ತಪ್ಪಾಗಿ ಕೂತಿರುತ್ತವೆ. ನೂರರಲ್ಲಿ ಐದೇ ತಪ್ಪಿದ್ದರೂ ಆ ಐದು ಯಾವುವು ಎಂದು ಗುಮಾಸ್ತನಿಗೆ ಗೊತ್ತಿಲ್ಲ. ಹಾಗಾಗಿ ನೂರಕ್ಕೂ ಪುಸ್ತಕ ತೆರೆಯಲೇಬೇಕು. ‘ಪುಸ್ತಕ ನೋಡದೆ ಶಿಲ್ಕು ಹೇಳುವುದು’ ಎಂಬ ಒದಗಿಕೆ ಅವನ ಪಾಲಿಗೆ ಹುಟ್ಟಿಯೇ ಇಲ್ಲ. ತರಬೇತಿ ಎಷ್ಟು ಕೊಟ್ಟರೂ ಅದು ಹುಟ್ಟುವುದಿಲ್ಲ, ಏಕೆಂದರೆ ಕೊರತೆ ಅವನ ಕಲಿಕೆಯಲ್ಲಿಲ್ಲ. ಒಂದು ಒದಗಿಕೆ ಇನ್ನೊಂದರ ಹೆಗಲ ಮೇಲೆ ನಿಲ್ಲುತ್ತದೆ. ಕೆಳಗಿನದು ಅಲುಗಾಡಿದರೆ ಮೇಲಿನದಕ್ಕೆ ನೆಲೆಯಿಲ್ಲ.

ಎರಡನೆಯದು ತಿದ್ದುಪಡಿ. ಪುಸ್ತಕದಲ್ಲಿ ತಪ್ಪಾದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರೆ ಮುಗಿಯಿತು, ಅರ್ಧ ನಿಮಿಷ. ತಂತ್ರಾಂಶದಲ್ಲಿ ನಮೂದನ್ನು ರದ್ದುಮಾಡಲು ಮೇಲಿನವರ ಪಾಸ್‌ವರ್ಡ್ ಬೇಕು. ಆ ಹೊತ್ತಿಗೆ ನೀವು ಡಿ.ಸಿ.ಸಿ. (ಜಿಲ್ಲಾ ಸಹಕಾರ ಕೇಂದ್ರ) ಬ್ಯಾಂಕಿಗೆ ಹೋಗಿದ್ದರೆ ಕೌಂಟರಿನಲ್ಲಿ ರೈತ ನಿಂತೇ ಇರುತ್ತಾನೆ. ಆದ್ದರಿಂದ ಗುಮಾಸ್ತ ಪುಸ್ತಕವನ್ನು ಕರಡಾಗಿ ಬಳಸಿ, ಎಲ್ಲ ಸರಿಯಾಯಿತು ಎನಿಸಿದ ಮೇಲೆ ಸಂಜೆ ಏರಿಸುತ್ತಾನೆ. ಮೂರನೆಯದು ಹೊರಗಿನ ಒತ್ತಡ: ಲೆಕ್ಕಪರಿಶೋಧಕರು ಸಹಿ ಇರುವ ಪುಸ್ತಕವನ್ನೇ ಕೇಳುತ್ತಾರೆ ಎಂಬ ನಂಬಿಕೆ.

ಪರಿಹಾರವೂ ಇದೇ ಕ್ರಮದಲ್ಲಿ ನಡೆಯಲಿ. ವ್ಯವಹಾರ ಕಡಿಮೆಯಿರುವ ಠೇವಣಿ ಖಾತೆಗಳಿಂದ ಆರಂಭಿಸಿ. ಬೆಳೆ ಸಾಲದಿಂದ, ಅದೂ ಮುಂಗಾರಿನ ಸಾಲ ಬಟವಾಡೆಯ ಗದ್ದಲದಲ್ಲಿ, ಬೇಡ. ಒಂದು ಬಗೆಯ ಖಾತೆಗಳನ್ನೆಲ್ಲ ಪುಸ್ತಕದೊಂದಿಗೆ ತಾಳೆ ನೋಡಿ, ಸದಸ್ಯರಿಂದ ಶಿಲ್ಕು ದೃಢೀಕರಣಕ್ಕೆ ಸಹಿ ಪಡೆಯಿರಿ. ಪೂರ್ತಿಯಾದ ದಿನ ‘ಇನ್ನು ಠೇವಣಿಗೆ ಪುಸ್ತಕ ಇಲ್ಲ’ ಎಂದು ಆ ಒಂದು ಪುಸ್ತಕವನ್ನು ಮುಚ್ಚಿ. ಅರೆಬರೆ ತಾಳೆ ನೋಡಿ ಎಲ್ಲ ಪುಸ್ತಕ ಒಟ್ಟಿಗೆ ಮುಚ್ಚಿದ ಸಂಘಗಳು ಗುಟ್ಟಾಗಿ ಮತ್ತೆ ಪುಸ್ತಕ ತೆರೆಯುವ ಸಾಧ್ಯತೆ ಹೆಚ್ಚು. ರದ್ದುಮಾಡುವ ಅಧಿಕಾರವನ್ನು, ಮೊತ್ತದ ಮಿತಿ ಹಾಕಿ, ಇನ್ನೊಬ್ಬರಿಗೆ ಕೊಡಲು ಆಡಳಿತ ಮಂಡಳಿಯ ಠರಾವು ಮಾಡಿಸಿ. ರದ್ದಾದ ನಮೂದುಗಳ ಪಟ್ಟಿಯನ್ನು ನೀವು ದಿನವೂ ನೋಡಿ. ಲೆಕ್ಕಪರಿಶೋಧಕರಿಗೆ ಯಾವ ಮುದ್ರಿತ ಪಟ್ಟಿ ಸಾಕು ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಕರೆಂಟ್ ಹೋದಾಗ ಯು.ಪಿ.ಎಸ್. ಎಷ್ಟು ನಿಮಿಷ ತಡೆಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಪ್ರಿಂಟರ್ ಅದಕ್ಕೆ ಜೋಡಿಸಿದೆಯೇ ಎಂಬುದನ್ನೂ.

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಕರ್ನಾಟಕದ ‘ಭೂಮಿ’ ಯೋಜನೆಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಪಾರದರ್ಶಕತೆ, ವೇಗ, ಭ್ರಷ್ಟಾಚಾರ ನಿಯಂತ್ರಣ ಎಂದು ಮೂರು ಅಫೋರ್ಡೆನ್ಸ್ ಬರೆದಿದ್ದೆ. ‘ಇವು ಯಾವುವೂ ಅಫೋರ್ಡೆನ್ಸ್ ಅಲ್ಲ’ ಎಂದು ವಿಮರ್ಶಕರು ಹಿಂದಿರುಗಿಸಿದ್ದಾರೆ.
— ಸಂಶೋಧಕ, ಮೈಸೂರು

ವಿಮರ್ಶಕರು ಸರಿ. ಆದರೆ ನಿಮ್ಮ ಕೈಯಲ್ಲಿರುವ ವಸ್ತು ಬಹಳ ಶ್ರೀಮಂತವಾದದ್ದು, ಎದೆಗುಂದಬೇಡಿ.

ನೀವು ಬರೆದಿರುವುದು ಕೆಲಸ ಮುಗಿದ ಮೇಲೆ ತಲುಪುವ ಸ್ಥಿತಿಗಳನ್ನು. ಸಂಶೋಧಕರಿಗೆ ಓಲ್ಗಾ ವೋಲ್ಕಾಫ್ ಮತ್ತು ಡಯಾನ್ ಸ್ಟ್ರಾಂಗ್ 2017ರಲ್ಲಿ ಕೊಟ್ಟ ಆರು ಸೂತ್ರಗಳಲ್ಲಿ ಒಂದು ಇದೇ: ಕ್ರಿಯೆಯನ್ನು ನೋಡಿ, ಕ್ರಿಯೆಯ ನಂತರದ ಸ್ಥಿತಿಯನ್ನಲ್ಲ. ಅದೇ ವರ್ಷ ಸಾಂಡ್ರಾ ಇವಾನ್ಸ್ ಮತ್ತು ಸಂಗಡಿಗರು ಮೂರು ಜರಡಿ ಕೊಟ್ಟರು: ನೀವು ಹೇಳುತ್ತಿರುವುದು ವಸ್ತುವಾಗಲಿ ಅದರ ಅಂಗವಾಗಲಿ ಆಗಿರಬಾರದು, ಫಲಿತಾಂಶವಾಗಿರಬಾರದು, ಮತ್ತು ಅದರಲ್ಲಿ ಹೆಚ್ಚುಕಡಿಮೆ (ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ) ಇರಬೇಕು. ‘ಪಾರದರ್ಶಕತೆ’ ಎರಡನೇ ಜರಡಿಯಲ್ಲೇ ಸಿಕ್ಕಿಬೀಳುತ್ತದೆ.

ಈಗ ಭೂಮಿಯನ್ನು ಹತ್ತಿರದಿಂದ ನೋಡೋಣ. 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಅಲ್ಲಿಯವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಪಹಣಿ ಬೇಕೆಂದರೆ ಮೊದಲು ಲೆಕ್ಕಿಗ ಸಿಗಬೇಕು, ಆಮೇಲೆ ಪುಸ್ತಕ ಸಿಗಬೇಕು. ಭೂಮಿ ಬಂದ ಮೇಲೆ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ ಆಗ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗುತ್ತಿತ್ತು. ಜನರ ಕಡೆಗೆ ತಿರುಗಿಸಿದ ಎರಡನೇ ಪರದೆ, ಒಳಗೆ ಕೂತವರು ಏನು ಮಾಡುತ್ತಿದ್ದಾರೆಂದು ಅರ್ಜಿದಾರ ನೋಡಲಿ ಎಂದು. ಸಿಬ್ಬಂದಿ ತಂತ್ರಾಂಶದೊಳಗೆ ಹೋಗಲು ಬೆರಳ ಗುರುತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕೆಂಬ ಕಟ್ಟು.

ಇವನ್ನು ಒದಗಿಕೆಯ ಭಾಷೆಯಲ್ಲಿ ಬರೆದರೆ ನಿಮ್ಮ ‘ಭ್ರಷ್ಟಾಚಾರ ನಿಯಂತ್ರಣ’ ಹಲವು ತುಂಡಾಗುತ್ತದೆ. ರೈತನಿಗೆ: ಲೆಕ್ಕಿಗನನ್ನು ಹುಡುಕದೆ ಪಹಣಿ ಪಡೆಯುವುದು. ಪರದೆ ಓದಬಲ್ಲ ಅರ್ಜಿದಾರನಿಗೆ: ತನ್ನ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಮುದ್ರಣಕ್ಕೆ ಮೊದಲೇ ತಾಳೆ ನೋಡುವುದು. ಓದು ಬಾರದವನಿಗೆ ಅದೇ ಪರದೆಯಿಂದ ಅದು ಒದಗದು. ಇದೇ ನೀವು ಬರೆಯಬೇಕಾದ ಹೆಚ್ಚುಕಡಿಮೆ. ತಹಸೀಲ್ದಾರನಿಗೆ: ಯಾವ ನಮೂದನ್ನು ಯಾರು ಮಾಡಿದರೆಂದು ಪತ್ತೆಹಚ್ಚುವುದು. ಸಿಬ್ಬಂದಿಗೆ ಸರದಿ ಮುರಿಯುವುದು ತಪ್ಪಿತು. ಇದು ಒದಗಿಕೆಯಲ್ಲ, ತಡೆ. ತಡೆಯನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಿ. ಗ್ರಾಮ ಲೆಕ್ಕಿಗನಿಗೆ ಹಿಂದೆ ಏನೇನು ಒದಗುತ್ತಿತ್ತು ಎಂದೂ ಕೇಳಿ. ಹಿಸ್ಸೆಯ ಜಗಳವನ್ನು ಊರಲ್ಲೇ ತಿಳಿದು ಬರೆಯುವ ಅನುಕೂಲ ಅವನಿಗಿತ್ತು, ಕೇಂದ್ರದಲ್ಲಿ ಕೂತ ಆಪರೇಟರಿಗೆ ಅದಿಲ್ಲ.

ಬಹುಪಾಲು ಪ್ರಬಂಧಗಳು ಬಿಟ್ಟುಬಿಡುವ ಒಂದು ಗುಂಪಿದೆ: ಜಮೀನು ಕೊಳ್ಳುವವರು. ಭೂಮಿ ದಾಖಲೆಯನ್ನು ಒಂದೆಡೆ ತಂದದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಜಮೀನು ಹಿಡಿಯಲು ಅನುಕೂಲವಾಯಿತು ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ನೀವು ಒಪ್ಪಿ, ಬಿಡಿ; ಒಂದೇ ದಾಖಲೆ ರೈತನಿಗೆ ಒಂದನ್ನು, ಕೊಳ್ಳುವವನಿಗೆ ಇನ್ನೊಂದನ್ನು ಒದಗಿಸಿತೇ ಎಂಬುದನ್ನು ಪರೀಕ್ಷಿಸದೆ ಅಧ್ಯಾಯ ಮುಗಿಸಬೇಡಿ. ಗಿಬ್ಸನ್ ಹೇಳಿದ ‘ಒಳಿತಿಗೋ ಕೆಡುಕಿಗೋ’ ಎಂಬ ಮಾತಿನ ಬೆಲೆ ಇಲ್ಲಿ ತಿಳಿಯುತ್ತದೆ.

ತಂತ್ರಜ್ಞಾನ ಸ್ವೀಕಾರ ಮಾದರಿ ಇರುವಾಗ ಇನ್ನೊಂದು ಸಿದ್ಧಾಂತ ಏಕೆ?
— ಉಪನ್ಯಾಸಕಿ, ಕಲಬುರಗಿ

ಫ್ರೆಡ್ ಡೇವಿಸ್ ಅವರ 1989ರ ಆ ಮಾದರಿ ಕೇಳುವುದು: ಉಪಯುಕ್ತ ಅನಿಸುತ್ತದೆಯೇ, ಸುಲಭ ಅನಿಸುತ್ತದೆಯೇ, ಅದರಿಂದ ಬಳಸುತ್ತಾರೆಯೇ. ಬಳಸಿ ಏನು ಮಾಡಿದರು ಎಂಬುದು ಅದರ ಪ್ರಶ್ನೆಯಲ್ಲ. ಸಾವಿರ ಜನರ ಒಲವು ತಿಳಿಯಬೇಕಾದರೆ ಅದನ್ನೇ ಬಳಸಿ. ಒಂದು ಕಚೇರಿಯಲ್ಲಿ ಕೆಲಸ ಹೇಗೆ ಮಗ್ಗುಲು ಬದಲಿಸಿತು ಎಂದು ತಿಳಿಯಬೇಕಾದರೆ ಒದಗಿಕೆ. ಮಂಡ್ಯದ ಕಾರ್ಯದರ್ಶಿಗಳ ಸಿಬ್ಬಂದಿಯನ್ನು ಡೇವಿಸ್ ಮಾದರಿಯಲ್ಲಿ ಎಣಿಸಿದರೆ ಎಲ್ಲರೂ ‘ಬಳಕೆದಾರರು’.

ನಮ್ಮ ಆಸ್ಪತ್ರೆಯಲ್ಲಿ ಕೆಲವು ವಿಭಾಗಗಳು ರೋಗಿಗಳ ಡಿಜಿಟಲ್ ದಾಖಲೆಯನ್ನು ಚೆನ್ನಾಗಿ ಬಳಸುತ್ತವೆ, ಕೆಲವು ಇಲ್ಲ. ಒಬ್ಬೊಬ್ಬರ ಬಳಕೆ ಇಡೀ ಸಂಸ್ಥೆಯ ಬದಲಾವಣೆ ಆಗುವುದು ಹೇಗೆ? ಇದನ್ನು ಅಧ್ಯಯನ ಮಾಡಬೇಕೆಂದರೆ ಎಲ್ಲಿಂದ ಶುರುಮಾಡಲಿ?
— ನರ್ಸಿಂಗ್ ಅಧೀಕ್ಷಕಿ, ಮಂಗಳೂರು

ಅಮೆರಿಕದ ಹಲವು ಶಾಖೆಗಳ ಒಂದು ವೈದ್ಯಕೀಯ ಸಂಸ್ಥೆಯಲ್ಲಿ ಇದೇ ಪ್ರಶ್ನೆಯನ್ನು ಹಿಡಿದು ಸ್ಟ್ರಾಂಗ್, ವೋಲ್ಕಾಫ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ನಿಮಗೆ ನೇರವಾಗಿ ಒದಗುತ್ತದೆ. ಒದಗಿಕೆ ಇರುವುದು ಬೇರೆ, ಅದು ಕೈಗೂಡುವುದು ಬೇರೆ. ಕೈಗೂಡಿದಾಗ ಮೊದಲು ಸಿಗುವುದು ತಕ್ಷಣದ, ಕಣ್ಣಿಗೆ ಕಾಣುವ ಒಂದು ಫಲ. ಆ ಫಲ ಮುಂದಿನ ಒದಗಿಕೆಗೆ ದಾರಿ ಮಾಡುತ್ತದೆ. ವ್ಯಕ್ತಿಗಳ ಮಟ್ಟದಿಂದ ಸಂಸ್ಥೆಯ ಮಟ್ಟಕ್ಕೆ ಏರುವಾಗ ಅವರು ಮೂರು ಅಳತೆ ನೋಡುತ್ತಾರೆ: ಎಷ್ಟು ಮಟ್ಟಿಗೆ ಕೈಗೂಡಿತು, ಎಲ್ಲರೂ ಒಂದೇ ರೀತಿ ಮಾಡಿದರೇ, ಮಾಡಿದ್ದು ಸಂಸ್ಥೆಯ ಗುರಿಯ ಕಡೆಗಿದೆಯೇ.

ಎರಡನೆಯದನ್ನು ಅಲರ್ಜಿಯ ನಮೂದಿನಲ್ಲಿ ನೋಡಿ. ಒಬ್ಬ ವೈದ್ಯರು ಪಟ್ಟಿಯಿಂದ ‘ಪೆನಿಸಿಲಿನ್’ ಆರಿಸುತ್ತಾರೆ. ಇನ್ನೊಬ್ಬರು ಟಿಪ್ಪಣಿಯ ಜಾಗದಲ್ಲಿ ‘ಪೆನಿಸಿಲಿನ್ ಆಗುವುದಿಲ್ಲ’ ಎಂದು ಟೈಪ್ ಮಾಡುತ್ತಾರೆ. ಇಬ್ಬರೂ ದಾಖಲಿಸಿದ್ದಾರೆ, ತಮ್ಮ ರೋಗಿಯ ಮಟ್ಟಿಗೆ ಇಬ್ಬರದೂ ಸರಿ. ಆದರೆ ಔಷಧ ಬರೆಯುವಾಗ ಎಚ್ಚರಿಕೆ ಕೊಡುವ ನಿಯಮ ಪಟ್ಟಿಯನ್ನಷ್ಟೇ ಓದುತ್ತದೆ. ರಾತ್ರಿ ಪಾಳಿಯ ವೈದ್ಯರು ಎರಡನೇ ರೋಗಿಗೆ ಪೆನಿಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಬರೆದರೆ ಪರದೆ ಸುಮ್ಮನಿರುತ್ತದೆ. ಎಚ್ಚರಿಕೆ ಬರುತ್ತದೆಂದು ನಂಬಿದವರಿಗೆ ಅದು ಗೇವರ್ ಹೇಳಿದ ಮೂರನೇ ಬಗೆ, ಇಲ್ಲದೆಯೂ ಇದ್ದಂತೆ ಕಾಣುವುದು. ನಿಮ್ಮಲ್ಲಿ ಟಿಪ್ಪಣಿಯಲ್ಲಿ ಮಾತ್ರ ಇರುವ ಅಲರ್ಜಿಗಳು ಎಷ್ಟು ಎಂದು ಅಧ್ಯಯನಕ್ಕೂ ಮೊದಲು, ಈ ವಾರವೇ ಹುಡುಕಿಸಿ.

ಇನ್ನು ಅಧ್ಯಯನ. ಪಾಲ್ ಲಿಯೊನಾರ್ಡಿ ಅವರು ವಾಹನ ತಯಾರಿಕಾ ಕಂಪನಿಯೊಂದರಲ್ಲಿ ಡಿಕ್ಕಿ ಪರೀಕ್ಷೆಯ ತಂತ್ರಾಂಶ ಬಳಸುವ ಎಂಜಿನಿಯರುಗಳನ್ನು ಗಮನಿಸಿ 2011ರಲ್ಲಿ ಬರೆದರು: ತಡೆ ಎನಿಸಿದಾಗ ಜನ ತಂತ್ರಾಂಶವನ್ನು ಬದಲಿಸುತ್ತಾರೆ, ಒದಗಿಕೆ ಕಂಡಾಗ ತಮ್ಮ ರೂಢಿಯನ್ನು ಬದಲಿಸುತ್ತಾರೆ. ಇವೆರಡೂ ನಾಡಹೆಂಚಿನ ಮಾಡಿನಂತೆ, ಒಂದು ಅಂಗಾತ ಒಂದು ಬೋರಲು, ಒಂದರ ಮೇಲೊಂದು ಕೂರುತ್ತ ಹೋಗುತ್ತವೆ. (ಅವರು ಕೊಟ್ಟ ಹೋಲಿಕೆಯೂ ರೋಮನ್ನರ ಹೆಂಚಿನದೇ.) ಆದ್ದರಿಂದ ಒಂದು ದಿನದ ಸಮೀಕ್ಷೆ ಸಾಲದು, ಕಾಲಕ್ರಮ ಬೇಕು. ತಂತ್ರಾಂಶಕ್ಕೆ ಎಂದು ಯಾವ ಬದಲಾವಣೆ ಕೇಳಲಾಯಿತು, ಪಾಳಿಯ ಕ್ರಮ ಎಂದು ಬದಲಾಯಿತು ಎಂಬ ದಿನಾಂಕಗಳನ್ನು ಹಳೆಯ ಸುತ್ತೋಲೆಗಳಿಂದ ತೆಗೆಯಿರಿ.

ಎರಡು ವಾರ್ಡ್ ಆರಿಸಿಕೊಳ್ಳಿ, ಒಂದು ಚೆನ್ನಾಗಿ ಬಳಸುವುದು, ಇನ್ನೊಂದು ಬಳಸದ್ದು. ಪ್ರತಿ ಪಾಳಿಯನ್ನೂ ನೋಡಿ. ಪಾಳಿ ಬದಲಾಗುವ ಹೊತ್ತಿನ ರೋಗಿ ಹಸ್ತಾಂತರವನ್ನಂತೂ ತಪ್ಪಿಸಬೇಡಿ, ಕಾಗದ ಹೊರಬರುವುದು ಆಗಲೇ. ಸಂದರ್ಶನದಲ್ಲಿ ‘ತಂತ್ರಾಂಶ ಉಪಯೋಗವಾಗುತ್ತಿದೆಯೇ’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ಅದರಲ್ಲೂ ಕೇಳುವವರು ಅಧೀಕ್ಷಕಿ ಆಗಿರುವಾಗ. ಸಾಧ್ಯವಾದರೆ ಪ್ರಶ್ನೆ ಕೇಳುವುದು ಬೇರೆಯವರಾಗಿರಲಿ, ಪ್ರಶ್ನೆ ನಿನ್ನೆಯದಾಗಿರಲಿ: ನಿನ್ನೆ ಮೂರನೇ ಹಾಸಿಗೆಯ ರೋಗಿಯ ಔಷಧ ಬದಲಾದದ್ದು ನಿಮಗೆ ಹೇಗೆ ತಿಳಿಯಿತು? ಆಗ ಏನು ತೆರೆದಿರಿ? ಯಾರಿಗೆ ಫೋನ್ ಮಾಡಿದಿರಿ?

ಸಿಕ್ಕಿದ್ದನ್ನು ‘ಇಂಥವರಿಗೆ, ಇದರಿಂದ, ಇದನ್ನು ಮಾಡಲು’ ಎಂಬ ಒಂದೇ ಅಚ್ಚಿನ ವಾಕ್ಯಗಳಾಗಿ ಬರೆದು, ಪ್ರತಿಯೊಂದರ ಎದುರು ಏನಿದ್ದರೆ ಒದಗುತ್ತದೆ, ಯಾರು ಕೈಗೂಡಿಸಿಕೊಂಡರು, ತಕ್ಷಣ ಏನು ಸಿಕ್ಕಿತು ಎಂದು ತುಂಬಿ. ‘ಮೌಸ್ ಒತ್ತುವುದು’ ತೀರಾ ಸಣ್ಣದು, ‘ಉತ್ತಮ ಆರೈಕೆ ನೀಡುವುದು’ ತೀರಾ ದೊಡ್ಡದು; ವಾರ್ಡಿನ ನರ್ಸ್ ‘ಹೌದು, ನಾನು ಮಾಡುವ ಕೆಲಸ ಇದೇ’ ಎಂದು ಗುರುತಿಸುವಷ್ಟು ಗಾತ್ರ ಸಾಕು. ಯಾರೂ ಕೈಗೂಡಿಸಿಕೊಳ್ಳದ ಒದಗಿಕೆ ಬಳಕೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಅದು ಸಿಗುವುದು ಎರಡು ವಾರ್ಡಿನ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ, ಮತ್ತು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಗಳಲ್ಲಿ. ಒಪ್ಪಿಗೆ ಪಡೆದು, ರೋಗಿಯ ಹೆಸರು, ಪಾಸ್‌ವರ್ಡ್ ಏನಿದ್ದರೂ ಮುಚ್ಚಿ, ಆ ಚೀಟಿಗಳ ಫೋಟೊ ತೆಗೆದುಕೊಳ್ಳಿ. ಪ್ರತಿ ಚೀಟಿಯೂ ತಂತ್ರಾಂಶ ಒದಗಿಸದ, ಅಥವಾ ಒದಗಿಸಿಯೂ ಯಾರಿಗೂ ಕಾಣದ ಒಂದು ಕೆಲಸ. ಯಾವುದು ಯಾವ ಬಗೆಯದೆಂದು ಚೀಟಿ ಬರೆದವರನ್ನೇ ಕೇಳಿ.